ಮೋಬಿ ಫೈಲ್ ಬಿಚ್ಚೋ ಹುಚ್ಚು: ಇಂಗ್ಲಿಷ್ ಪುಸ್ತಕ ಸರಿ ಬರುತ್ತೆ, ಕನ್ನಡದ್ದು ಮಾತ್ರ ಅಲ್ಲಲ್ಲಿ ಕೆಡ್ತಿದೆ, ಯಾಕೆ?

ಓದುಗೂಬೆ

ಎಲ್ರಿಗೂ ನಮಸ್ಕಾರ. ಇ-ಬುಕ್ ಫೈಲ್‌ಗಳ ಹೊಟ್ಟೆಯೊಳಗೆ ಏನಿರುತ್ತೆ ಅಂತ ಕೆದಕೋದು ಈಚೆಗೆ ನಂಗೆ ಹಿಡಿದಿರೋ ಹುಚ್ಚು. ಕ್ಯಾಲಿಬರ್ ಅನ್ನೋ ಇ-ಬುಕ್ ಪ್ರೋಗ್ರಾಮ್‌ನಲ್ಲಿ ಒಂದು ಬಟನ್ ಒತ್ತಿದ್ರೆ ಮೋಬಿ ಅನ್ನೋ ಫಾರ್ಮ್ಯಾಟ್ ಹೋಗಿ ಇಪಬ್ ಅನ್ನೋ ಇನ್ನೊಂದು ಫಾರ್ಮ್ಯಾಟ್ ಆಗುತ್ತೆ ಅಂತ ಗೊತ್ತು, ದಯವಿಟ್ಟು ಅದನ್ನೇ ಉತ್ತರ ಅಂತ ಹಾಕ್ಬೇಡಿ. ಆ ಬಟನ್ ಒತ್ತಿದಾಗ ಒಳಗಡೆ ಏನು ನಡಿಯುತ್ತೆ ಅನ್ನೋದೇ ನಂಗೆ ಬೇಕಿರೋದು, ಅದಕ್ಕೆ ಪೈಥಾನ್‌ನಲ್ಲಿ ನಾನೇ ಒಂದು ಚಿಕ್ಕ ರೀಡರ್ ಬರೀತಾ ಕೂತಿದೀನಿ, ಲೈಬ್ರರಿ ಯಾವ್ದೂ ಬಳಸ್ದೆ, ಪಕ್ಕದಲ್ಲಿ ಹೆಕ್ಸ್ ಎಡಿಟರ್ (ಫೈಲಿನ ಒಂದೊಂದು ಬೈಟನ್ನೂ ತೋರಿಸೋ ಟೂಲ್) ತೆಗೆದಿಟ್ಕೊಂಡು.

ಇಲ್ಲಿ ತನಕ ಆಗಿರೋದು ಇಷ್ಟು. ಮೋಬಿ ಅನ್ನೋದು ಮೇಲಿಂದ ನೋಡಿದ್ರೆ ಪಾಮ್ ಅನ್ನೋ ಹಳೇ ಅಂಗೈ ಕಂಪ್ಯೂಟರ್‌ಗಳ ಡೇಟಾಬೇಸ್ ಫೈಲೇ. ಮೊದಲ 32 ಬೈಟಲ್ಲಿ ಹೆಸರು, 60ನೇ ಬೈಟಿಂದ ‘ಬುಕ್‌ಮೋಬಿ’ ಅಂತ ಎಂಟು ಇಂಗ್ಲಿಷ್ ಅಕ್ಷರ, 76ರಲ್ಲಿ ರೆಕಾರ್ಡ್ ಎಷ್ಟಿವೆ ಅನ್ನೋ ಲೆಕ್ಕ, 78ರಿಂದ ಮುಂದಕ್ಕೆ ಯಾವ ರೆಕಾರ್ಡ್ ಎಲ್ಲಿ ಶುರು ಅನ್ನೋ ಪಟ್ಟಿ. ಸೊನ್ನೆನೇ ರೆಕಾರ್ಡ್‌ನಲ್ಲಿ ಕಂಪ್ರೆಷನ್ 2 ಅಂತಿದೆ, ಅಂದ್ರೆ ಪಾಮ್‌ಡಾಕ್ ಅನ್ನೋ ಪಠ್ಯ ಕುಗ್ಗಿಸೋ ಪದ್ಧತಿ. ಅದರ ಡಿಕೋಡರ್ ಬರೆದೆ: 0 ಮತ್ತೆ 9ರಿಂದ 127 ಇದ್ದಿದ್ದನ್ನ ಇದ್ದ ಹಾಗೇ ಇಡು, 1ರಿಂದ 8 ಬಂದ್ರೆ ಮುಂದಿನ ಅಷ್ಟು ಬೈಟು ಮುಟ್ಟದೆ ನಕಲು ಮಾಡು, 192 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಒಂದು ಸ್ಪೇಸ್ ಜೊತೆಗೆ ಒಂದು ಅಕ್ಷರ, 128ರಿಂದ 191 ಬಂದ್ರೆ ಇನ್ನೊಂದು ಬೈಟನ್ನೂ ಸೇರಿಸ್ಕೊಂಡು ಇಷ್ಟು ದೂರ ಹಿಂದಕ್ಕೆ ಹೋಗಿ ಇಷ್ಟು ಬೈಟು ಎತ್ಕೊಂಡು ಬಾ.

ಪ್ರಾಜೆಕ್ಟ್ ಗುಟೆನ್‌ಬರ್ಗ್‌ನ ಒಂದು ಇಂಗ್ಲಿಷ್ ಪುಸ್ತಕ ತಗೊಂಡು ಇಪಬ್‌ನಿಂದ ಮೋಬಿ ಮಾಡಿ ಹಾಕಿದೆ, ಪೂರ್ತಿ ಓದೋಕೆ ಬಂತು. ಆಮೇಲೆ ನಾನೇ ಟೈಪ್ ಮಾಡಿದ ಒಂದಷ್ಟು ಕನ್ನಡ ಪಠ್ಯನ ಹಂಗೇ ಮೋಬಿ ಮಾಡಿ ಕೊಟ್ರೆ ಅಲ್ಲಲ್ಲಿ ಹಿಂದಿನ ಪ್ಯಾರಾದ ಚೂರು ಬಂದು ಮಧ್ಯೆ ಕೂತಿರುತ್ತೆ, ಅದರ ಅಕ್ಕಪಕ್ಕ ಕಪ್ಪು ಡೈಮಂಡಲ್ಲಿ ಪ್ರಶ್ನೆ ಚಿಹ್ನೆ. ಎನ್‌ಕೋಡಿಂಗ್ ಸಮಸ್ಯೆ ಅನ್ಸಲ್ಲ, ಹೆಡರ್‌ನಲ್ಲಿ 65001 ಅಂತಾನೇ ಇದೆ, ಅಂದ್ರೆ ಯುಟಿಎಫ್-8, ಯುನಿಕೋಡ್ ಅಕ್ಷರನ ಬೈಟುಗಳಾಗಿ ಬರೆಯೋ ಪದ್ಧತಿ. ಇನ್ನೊಂದು ವಿಚಿತ್ರ ಏನಂದ್ರೆ ಒಂದೊಂದು ರೆಕಾರ್ಡ್ ಬಿಚ್ಚಿದಾಗ 4096 ಬೈಟ್ ಬರ್ಬೇಕು ತಾನೆ, ಕೆಲವು 4097 ಬರುತ್ತೆ, ಕೆಲವು 4100, ಇನ್ನು ಕೆಲವು 4099ರಿಂದ 4106ರ ತನಕ ಏನೇನೋ. ಕ್ಯಾಲಿಬರ್‌ನಲ್ಲಿ ಅದೇ ಫೈಲ್ ತೆಗೆದ್ರೆ ಅಚ್ಚುಕಟ್ಟಾಗಿದೆ, ಹಾಗಾಗಿ ಫೈಲ್ ಕೆಟ್ಟಿಲ್ಲ.

ಇದು ಬಗೆಹರಿದ ಮೇಲೆ ಮುಂದೆ ಯಾವ ಫಾರ್ಮ್ಯಾಟ್ ಹಿಡೀಲಿ ಅನ್ನೋದನ್ನೂ ಹೇಳಿ. ಹಳೇ ಹಾರ್ಡ್‌ಡಿಸ್ಕಲ್ಲಿ ಒಂದಿಷ್ಟು ಲಿಟ್, ಎಲ್‌ಆರ್‌ಎಫ್ ಫೈಲ್‌ಗಳು ಬಿದ್ದಿವೆ. ಕೆಎಫ್‌ಎಕ್ಸ್ ಬಗ್ಗೆನೂ ಕುತೂಹಲ ಇದೆ.

ರೆಕಾರ್ಡ್‌ಜೀರೋ

ಆ ಉದ್ದಗಳ ಲೆಕ್ಕ ಹಾಕಿದ್ದು ಒಳ್ಳೇದಾಯ್ತು ಗುರೂ, ಉತ್ತರ ಅದರಲ್ಲೇ ಇದೆ. ನಿಮ್ಮ ಡಿಕೋಡರ್‌ನಲ್ಲಿ ಏನೂ ತೊಂದ್ರೆ ಇಲ್ಲ, ಅದಕ್ಕೆ ತಿನ್ನಿಸಬಾರದ್ದನ್ನ ತಿನ್ನಿಸ್ತಿದೀರ ಅಷ್ಟೇ.

ಮೋಬಿಯವರು ಪಠ್ಯನ 4096 ಬೈಟಿಗೆ ಒಂದರಂತೆ ಕಣ್ಣುಮುಚ್ಚಿ ಕತ್ತರಿಸ್ತಾರೆ, ಅಲ್ಲಿ ಅಕ್ಷರ ಮುಗಿದಿದೆಯಾ ಇಲ್ವಾ ನೋಡಲ್ಲ. ಕನ್ನಡದ ಒಂದೊಂದು ಕೋಡ್‌ಪಾಯಿಂಟ್ (ಯುನಿಕೋಡ್‌ನಲ್ಲಿ ಸ್ವಂತ ನಂಬರ್ ಇರೋ ಒಂದು ಅಕ್ಷರ, ಇಲ್ಲಾ ಗುಣಿತ ಚಿಹ್ನೆ) ಯುಟಿಎಫ್-8ರಲ್ಲಿ ಮೂರು ಬೈಟು, ಮೊದಲನೇದು ಯಾವಾಗ್ಲೂ 224, ಎರಡನೇದು 178 ಇಲ್ಲಾ 179, ಮೂರನೇದು 128ರಿಂದ 191ರ ಒಳಗೆ. ಹಾಗಾಗಿ ಹೆಚ್ಚುಕಮ್ಮಿ ಮೂರು ಕಡೆ ಕತ್ತರಿ ಬಿದ್ರೆ ಎರಡು ಕಡೆ ಅಕ್ಷರದ ನಡುವೆನೇ ಬೀಳುತ್ತೆ. ಹಂಗೆ ಬಿದ್ದಾಗ ಅಕ್ಷರ ಪೂರ್ತಿ ಮಾಡೋಕೆ ಬೇಕಾದ ಉಳಿದ ಬೈಟುಗಳನ್ನ ರೆಕಾರ್ಡಿನ ಬಾಲಕ್ಕೆ ಅಂಟಿಸಿ, ಎಷ್ಟು ಅಂಟಿಸಿದೀವಿ ಅಂತ ಕೊನೇಲಿ ಒಂದು ಲೆಕ್ಕದ ಬೈಟು ಇಡ್ತಾರೆ. ಈ ಬಾಲ ಕಂಪ್ರೆಸ್ ಆಗಿರಲ್ಲ. ಅದೇ ಬೈಟುಗಳು ಮುಂದಿನ ರೆಕಾರ್ಡ್ ಶುರುವಿನಲ್ಲಿ ಮಾಮೂಲಿ ಪಠ್ಯವಾಗಿ ಮತ್ತೆ ಬರ್ತವೆ, ಆದ್ರಿಂದ ಬಾಲನ ಸುಮ್ನೆ ಕಿತ್ತು ಎಸೀಬಹುದು.

ನೀವು ಬಾಲ ಸಮೇತ ಡಿಕೋಡರ್‌ಗೆ ಕೊಡ್ತಿದೀರ. ಏನಾಗುತ್ತೆ ನೋಡಿ. ಗಡಿಯಲ್ಲಿ ‘ಕ’ ಇದೆ ಅಂದ್ಕೊಳ್ಳಿ, ಅಂದ್ರೆ 224, 178, 149. 224 ಮಾತ್ರ ಈ ರೆಕಾರ್ಡಿಗೆ ಬಂತು, ಬಾಲದಲ್ಲಿ 178, 149, ಆಮೇಲೆ ಲೆಕ್ಕದ ಬೈಟು 2. ನಿಮ್ಮ ಡಿಕೋಡರ್ 178 ನೋಡಿದ ತಕ್ಷಣ ಓ ಹಿಂದಕ್ಕೆ ಹೋಗು ಅಂತಿದಾರೆ ಅಂದ್ಕೊಂಡು 149ನ್ನೂ ನುಂಗಿ, 1618 ಬೈಟು ಹಿಂದಕ್ಕೆ ಹೋಗಿ ಅಲ್ಲಿಂದ 8 ಬೈಟು ಎತ್ಕೊಂಡು ಬಂದು ಸುರೀತು. ಅದೇ ನಿಮ್ಮ ಹಿಂದಿನ ಪ್ಯಾರಾದ ಚೂರು. ಉದ್ದ 4104. ಒಂದೇ ಬೈಟು ಉಳಿದಿದ್ರೆ ಬಾಲ 149, 1 ಅಂತಿರುತ್ತೆ, ಅದು 4 ಬೈಟು ಎತ್ತುತ್ತೆ, ಮೂಲ ಅಕ್ಷರ ಯಾವುದಾದ್ರೂ ಸರಿ ಯಾವಾಗ್ಲೂ 4100. ಅಕ್ಷರ ಸರಿಯಾಗಿ ಮುಗಿದಿದ್ರೆ ಬಾಲದಲ್ಲಿ ಬರೀ 0, ಅದು ಕಣ್ಣಿಗೆ ಕಾಣದ ಒಂದು ಬೈಟಾಗಿ ಕೂರುತ್ತೆ, 4097. ಇಂಗ್ಲಿಷ್ ಪುಸ್ತಕದಲ್ಲೂ ಈ ಸೊನ್ನೆಗಳು ಇದ್ದೇ ಇವೆ, ಒಂದ್ಸಲ ಹುಡುಕಿ ನೋಡಿ, ನಿಮ್ಗೆ ಕಂಡಿಲ್ಲ ಅಷ್ಟೇ.

ಕೀಳೋದು ಹೆಂಗೆ ಅಂದ್ರೆ, ಸೊನ್ನೆನೇ ರೆಕಾರ್ಡಿನ 20ನೇ ಬೈಟಿಂದ ಇರೋ ಹೆಡರ್ ಉದ್ದ 228 ಅಥವಾ ಜಾಸ್ತಿ ಇದ್ರೆ 242ನೇ ಬೈಟಿಂದ ಎರಡು ಬೈಟು ಓದಿ, ಅದು ಫ್ಲಾಗ್. ಕೊನೇ ಬಿಟ್ ಆನ್ ಇದ್ರೆ ನಾನು ಹೇಳಿದ ಈ ಬಾಲ ಇದೆ, ರೆಕಾರ್ಡಿನ ಕೊನೇ ಬೈಟಿನ ಕೆಳಗಿನ ಎರಡು ಬಿಟ್ ತಗೊಂಡು ಒಂದು ಸೇರಿಸಿ, ಅಷ್ಟು ಬೈಟು ಕತ್ತರಿಸಿ. ಅದರ ಮೇಲಿನ ಬಿಟ್‌ಗಳೂ ಆನ್ ಇದ್ರೆ ಒಂದೊಂದಕ್ಕೂ ಬೇರೆ ಬಾಲ ಇರುತ್ತೆ, ಅವನ್ನ ಮೊದಲು ಕೀಳ್ಬೇಕು, ಅಕ್ಷರದ ಬಾಲ ಕೊನೆಗೆ. ಆ ಬೇರೆ ಬಾಲಗಳ ಉದ್ದ ಬರೆದಿರೋದು ಹಿಂದಿನಿಂದ ಮುಂದಕ್ಕೆ, ಒಂದು ಬೈಟಿಗೆ ಏಳು ಬಿಟ್, 128ರ ಬಿಟ್ ಆನ್ ಇರೋ ಬೈಟು ಸಿಕ್ಕಿದ ಕಡೆ ನಿಲ್ಲಿಸೋದು, ಆ ಉದ್ದದಲ್ಲಿ ಅದರ ಸ್ವಂತ ಬೈಟುಗಳೂ ಸೇರಿರುತ್ತೆ. ಇನ್ನೊಂದು, ರೆಕಾರ್ಡ್ ರೆಕಾರ್ಡಿಗೂ ಯುಟಿಎಫ್-8 ಡಿಕೋಡ್ ಮಾಡ್ಬೇಡಿ, ಎಲ್ಲಾ ಬೈಟು ಜೋಡಿಸಿ ಕೊನೇಲಿ ಒಂದೇ ಸಲ ಮಾಡಿ. ಇಲ್ಲಾಂದ್ರೆ ಬಾಲ ಕಿತ್ರೂ ಡೈಮಂಡ್ ಹೋಗಲ್ಲ.

ಓದುಗೂಬೆ

ಬಾಸ್, ಆಯ್ತು! ಫ್ಲಾಗ್ 1 ಇತ್ತು, ಬಾಲ ಕಿತ್ತು ಹಾಕಿದ್ಮೇಲೆ ಕೊನೇ ರೆಕಾರ್ಡ್ ಬಿಟ್ಟು ಎಲ್ಲಾ 4096. ಪರಿವಿಡಿ ಇರೋ ಇನ್ನೊಂದು ಫೈಲ್‌ನಲ್ಲಿ ಫ್ಲಾಗ್ 3 ಇತ್ತು, ನೀವು ಹೇಳಿದ ಕ್ರಮದಲ್ಲೇ ಕಿತ್ತೆ, ಅದೂ ಸರಿಹೋಯ್ತು. ಇಂಗ್ಲಿಷ್ ಪುಸ್ತಕದಲ್ಲಿ ಆ ಸೊನ್ನೆಗಳು ನಿಜಕ್ಕೂ ಇವೆ, ಒಂದೊಂದು ರೆಕಾರ್ಡಿಗೆ ಒಂದೊಂದು ಅಂತ ಸಾಲಾಗಿ. ಪರಿವಿಡಿಯ ಲಿಂಕ್‌ಗಳು ಮೊದಮೊದಲು ಸರಿಯಿದ್ದು ಪುಸ್ತಕದ ಕೊನೆಗೆ ಹೋದಂಗೆ ಜಾಸ್ತಿ ಜಾಸ್ತಿ ಪಕ್ಕಕ್ಕೆ ಸರಿಯೋದು, ಅದನ್ನ ಬೇರೆ ಸಮಸ್ಯೆ ಅಂತ ಬರ್ದಿಟ್ಕೊಂಡಿದ್ದೆ, ಅದೂ ಇದರ ಜೊತೆಗೇ ಮಾಯ.

ರೆಕಾರ್ಡ್‌ಜೀರೋ

ಮಾಯ ಆಗ್ಲೇಬೇಕು. ಹಳೇ ಮೋಬಿಯಲ್ಲಿ ಲಿಂಕ್‌ಗೆ ಹೆಸರು ಗಿಸರು ಇಲ್ಲ, ಫೈಲ್‌ಪಾಸ್ ಅಂತ ಹತ್ತು ಅಂಕಿಯ ಒಂದು ಸಂಖ್ಯೆ, ಬಿಚ್ಚಿದ ಪಠ್ಯದಲ್ಲಿ ಎಷ್ಟನೇ ಬೈಟು ಅಂತ. ರೆಕಾರ್ಡಿಗೆ ಐದಾರು ಬೈಟು ಕಸ ಸೇರ್ತಾ ಹೋದ್ರೆ ನೂರನೇ ರೆಕಾರ್ಡ್ ಹೊತ್ತಿಗೆ ಎಲ್ಲಿಗೆ ಹೋಗಿರುತ್ತೆ ನೋಡಿ. ಚಿತ್ರಗಳೂ ಅಷ್ಟೇ, ಫೈಲ್ ಹೆಸರಿಲ್ಲ, ಎಷ್ಟನೇ ಚಿತ್ರದ ರೆಕಾರ್ಡ್ ಅನ್ನೋ ನಂಬರ್ ಮಾತ್ರ.

ಅಂದಹಾಗೆ ಪಾಮ್‌ಡಾಕ್ ಇಂಗ್ಲಿಷಿಗೆ ಅಂತಾನೇ ಹೊಲಿದ ಕಂಪ್ರೆಷನ್. ಹಿಂದಕ್ಕೆ ಹೋಗೋ ದೂರ ಗರಿಷ್ಠ 2047 ಬೈಟು, ಒಂದ್ಸಲಕ್ಕೆ ಎತ್ತೋದು 3ರಿಂದ 10 ಬೈಟು. ಇಂಗ್ಲಿಷಲ್ಲಿ 10 ಬೈಟು ಅಂದ್ರೆ ಹತ್ತು ಅಕ್ಷರ, ಕನ್ನಡದಲ್ಲಿ ಮೂರು ಕೋಡ್‌ಪಾಯಿಂಟು. ‘ಪುಸ್ತಕ’ ಅನ್ನೋ ಪದ ಮೊದಲ ಸಲ ಬಂದಾಗ 18 ಬೈಟಿಗೆ 21 ಆಗುತ್ತೆ, ಯಾಕಂದ್ರೆ 128ರ ಮೇಲಿನ ಬೈಟುಗಳನ್ನ ನೇರವಾಗಿ ಇಡೋ ಹಾಗಿಲ್ಲ, ಎಂಟೆಂಟರ ಗುಂಪು ಮಾಡಿ ಮುಂದೆ ಒಂದು ಎಣಿಕೆ ಇಡ್ಬೇಕು. ಎರಡನೇ ಸಲ ಹತ್ತಿರದಲ್ಲೇ ಬಂದ್ರೆ 4 ಬೈಟಲ್ಲಿ ಮುಗಿಯುತ್ತೆ, ಅದೇನೋ ಪರವಾಗಿಲ್ಲ, ಆದ್ರೆ ಹತ್ತಿರ ಅಂದ್ರೆ ಸುಮಾರು 680 ಕೋಡ್‌ಪಾಯಿಂಟಿನ ಒಳಗೆ ಬರ್ಬೇಕು. ಕಂಪ್ರೆಷನ್ ಜಾಗದಲ್ಲಿ 17480 ಅಂತ ಇರೋ ಫೈಲ್ ಸಿಕ್ರೆ ಅದು ಹಫ್‌ಮನ್ ಮತ್ತು ಡಿಕ್ಷನರಿ ಸೇರಿದ ಬೇರೆ ಪದ್ಧತಿ, ಅದನ್ನ ರಜೆ ಇದ್ದಾಗ ಮುಟ್ಟಿ.

ಜಿಪ್‌ಬಿಚ್ಚು

ಡಿಕೋಡರ್ ಬರೆಯೋದೆಲ್ಲ ಚೆನ್ನಾಗಿದೆ ಆದ್ರೆ ನನ್ ಪ್ರಕಾರ ಈ ಹವ್ಯಾಸದ ನಿಜವಾದ ಮಜಾ ಇರೋದು ಕನ್ವರ್ಷನ್‌ನಲ್ಲಿ, ಒಂದು ಫಾರ್ಮ್ಯಾಟಿಂದ ಇನ್ನೊಂದಕ್ಕೆ ಹೋಗುವಾಗ ಏನು ಉಳಿಯುತ್ತೆ ಏನು ಹೋಗುತ್ತೆ ಅಂತ ನೋಡೋದ್ರಲ್ಲಿ. ಡಬ್ಬಿ ತೆಗೆಯೋದು ಸುಲಭದ ಭಾಗ ರೀ, ಇಪಬ್ ಅಂತೂ ಬರೀ ಜಿಪ್ ಫೈಲು, ಮೊದಲನೇ ಫೈಲು ಮೈಮ್‌ಟೈಪ್, ಅದನ್ನ ಕಂಪ್ರೆಸ್ ಮಾಡೋ ಹಾಗಿಲ್ಲ, ಆಮೇಲೆ ಕಂಟೇನರ್ ಫೈಲು ಓಪಿಎಫ್ ಅನ್ನೋ ಇನ್ನೊಂದು ಫೈಲು ಎಲ್ಲಿದೆ ಅಂತ ತೋರಿಸುತ್ತೆ, ಓಪಿಎಫ್ ಅಧ್ಯಾಯಗಳ ಕ್ರಮ ಹೇಳುತ್ತೆ, ಮುಗೀತು.

ಕ್ಯಾಲಿಬರ್ ಜೊತೆ ಬರೋ ಇಬುಕ್-ಕನ್ವರ್ಟ್ ಅನ್ನೋ ಕಮಾಂಡಿಗೆ ಡೀಬಗ್ ಪೈಪ್‌ಲೈನ್ ಅಂತ ಒಂದು ಆಪ್ಷನ್ ಇದೆ, ಒಂದು ಫೋಲ್ಡರ್ ಹೆಸರು ಕೊಟ್ರೆ ಕನ್ವರ್ಷನ್‌ನ ಒಂದೊಂದು ಹಂತದಲ್ಲೂ ಪುಸ್ತಕ ಹೇಗಿತ್ತು ಅಂತ ಬೇರೆ ಬೇರೆ ಫೋಲ್ಡರಿಗೆ ಹಾಕಿ ಕೊಡುತ್ತೆ. ನೀವು ಮೊದಲನೇ ಪೋಸ್ಟಲ್ಲಿ ಕೇಳಿದ ‘ಬಟನ್ ಒತ್ತಿದಾಗ ಒಳಗಡೆ ಏನಾಗುತ್ತೆ’ ಅನ್ನೋದಕ್ಕೆ ನೇರ ಉತ್ತರ ಅಲ್ಲೇ ಇದೆ, ಯಾರೂ ಹೇಳ್ಲಿಲ್ಲ ಅಂತ ಆಶ್ಚರ್ಯ. ಯಾವ ಫಾರ್ಮ್ಯಾಟ್ ಕೊಟ್ರೂ ಅದು ಮೊದಲು ಎಕ್ಸ್‌ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ಮಾಡ್ಕೊಳ್ಳುತ್ತೆ, ಅದರ ಮೇಲೆ ಕೆಲಸ ಮಾಡಿ ಆಮೇಲೆ ಹೊರಗಿನ ಫಾರ್ಮ್ಯಾಟಿಗೆ ಬರೆಯುತ್ತೆ. ಅದಕ್ಕೇ ಇಪಬ್‌ನ ಇಪಬ್‌ಗೇ ಕನ್ವರ್ಟ್ ಮಾಡಿದ್ರೂ ಸ್ಟೈಲ್‌ಗಳೆಲ್ಲ ಚಪ್ಪಟೆಯಾಗಿ, ಕ್ಲಾಸ್ ಇಲ್ಲದ ಟ್ಯಾಗ್‌ಗಳಿಗೂ ‘ಕ್ಯಾಲಿಬರ್1’ ‘ಕ್ಯಾಲಿಬರ್2’ ಅಂತ ಕ್ಲಾಸ್ ಹೆಸರು ಬಂದು ಕೂರುತ್ತೆ.

ಒಂದು ಇಪಬ್‌ನ ಹಳೇ ಮೋಬಿ ಮಾಡಿ, ಆ ಮೋಬಿನ ವಾಪಸ್ ಇಪಬ್ ಮಾಡಿ, ಎರಡು ಇಪಬ್‌ಗಳನ್ನ ಬಿಚ್ಚಿ ಅಕ್ಕಪಕ್ಕ ಇಟ್ಟು ನೋಡಿ. ಒಳಗೆ ಸೇರಿಸಿದ್ದ ಫಾಂಟ್ ಇರಲ್ಲ. ಹಳೇ ಮೋಬಿಗೆ ಸಿಎಸ್‌ಎಸ್ ಅಷ್ಟಕ್ಕಷ್ಟೇ ಆದ್ದರಿಂದ ಪ್ಯಾರಾದ ಮೊದಲ ಸಾಲಿನ ಇಂಡೆಂಟ್‌ನ ಪಿ ಟ್ಯಾಗಿಗೆ ‘ವಿಡ್ತ್’ ಅಂತ, ಮೇಲಿನ ಜಾಗನ ‘ಹೈಟ್’ ಅಂತ ಬರೀತಾರೆ, ಮಾಮೂಲಿ ಎಚ್‌ಟಿಎಂಎಲ್ ಗೊತ್ತಿರೋರಿಗೆ ನೋಡಿ ತಲೆ ಕೆಡುತ್ತೆ. ಸ್ವಂತ ರೀಡರ್ ಬರೆದು ಅದನ್ನ ಬ್ರೌಸರಲ್ಲಿ ತೆಗೆದ್ರೆ ಅಗಲ ಸೊನ್ನೆ ಅಂತ ಅರ್ಥ ಬರೋ ಪ್ಯಾರಾಗಳು ಸಿಗ್ತವೆ.

ರೆಕಾರ್ಡ್‌ಜೀರೋ

ಡಬ್ಬಿ ಸುಲಭ ಅನ್ನೋದಕ್ಕೆ ನನ್ನ ಒಪ್ಪಿಗೆ ಇಲ್ಲ 🙂 ಅಮೆಜಾನ್ ಕಿಂಡಲ್‌ನ ಎಝೆಡ್‌ಡಬ್ಲ್ಯೂ3 ಫೈಲ್ ಬಿಚ್ಚಿ ನೋಡಿ ಹೇಳಿ. ಹೊರಗೆ ಅದೇ ಪಾಮ್ ಡೇಟಾಬೇಸು, ಒಳಗಡೆ 2011ರಲ್ಲಿ ಬಂದ ಕೆಎಫ್8, ಅಂದ್ರೆ ಹೆಚ್ಚುಕಮ್ಮಿ ಇಪಬ್‌ನದ್ದೇ ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್. ಆದ್ರೆ ಅಧ್ಯಾಯಗಳು ಇಡಿಯಾಗಿ ಇರಲ್ಲ, ಅಸ್ಥಿಪಂಜರ ಬೇರೆ ಮಾಂಸ ಬೇರೆ ಅನ್ನೋ ಹಾಗೆ ಹೊರಗಿನ ಟ್ಯಾಗ್‌ಗಳು ಒಂದು ಕಡೆ, ಒಳಗಿನ ತುಣುಕುಗಳು ಒಂದು ಕಡೆ, ಯಾವ ತುಣುಕು ಎಷ್ಟನೇ ಬೈಟಿಗೆ ತುರುಕಬೇಕು ಅನ್ನೋ ಟೇಬಲ್ ಇನ್ನೊಂದು ಕಡೆ. ಅಲ್ದೆ ಕೆಲವು ಮೋಬಿ ಫೈಲ್‌ಗಳಲ್ಲಿ ಹಳೇ ಮೋಬಿ ಮತ್ತೆ ಕೆಎಫ್8 ಎರಡೂ ಒಂದರ ಹಿಂದೆ ಒಂದು ಇರುತ್ತೆ, ನಡುವೆ ‘ಬೌಂಡರಿ’ ಅಂತ ಬರೆದ ಒಂದು ರೆಕಾರ್ಡು. ಎಕ್ಸ್‌ಟೆನ್ಷನ್ ನಂಬ್ಕೊಂಡು ಕೂತ್ರೆ ಅರ್ಧ ಫೈಲ್ ಇರೋದೇ ಗೊತ್ತಾಗಲ್ಲ. ಕಿಂಡಲ್‌ಅನ್‌ಪ್ಯಾಕ್ ಅಂತ ಪೈಥಾನ್ ಟೂಲ್ ಇದೆ, ಸೋರ್ಸ್ ಓಪನ್, ಎಲ್ಲಾದ್ರೂ ಸಿಕ್ಕಾಕ್ಕೊಂಡಾಗ ಅದರ ಕೋಡ್ ಓದಿ. ಮೊದಲೇ ಓದಿಬಿಟ್ರೆ ಒಗಟಿನ ಉತ್ತರ ನೋಡಿದಂಗೆ, ಅದು ನಿಮ್ಮಿಷ್ಟ.

ಹಳೇಫೈಲ್

ಓದುಗೂಬೆಯವರೇ, ಲಿಟ್ ಮತ್ತೆ ಎಲ್‌ಆರ್‌ಎಫ್ ಇದೆ ಅಂದ್ರಲ್ಲ, ಪುಣ್ಯ ಮಾಡಿದೀರಿ ಮಾರಾಯ್ರೆ, ಈಗ ಅವು ಸಿಗುವುದೇ ಕಷ್ಟ.

ಲಿಟ್ ಮೈಕ್ರೋಸಾಫ್ಟ್ ರೀಡರ್‌ನದ್ದು, 2000ದಲ್ಲಿ ಬಂತು, 2012ಕ್ಕೆ ಮುಚ್ಚಿದ್ರು. ವಿಂಡೋಸ್‌ನ ಹಳೇ ಹೆಲ್ಪ್ ಫೈಲ್‌ಗಳಿವೆಯಲ್ಲ ಸಿಎಚ್‌ಎಂ ಅಂತ, ಅದರ ತಮ್ಮ ಅನ್ನಿ. ಒಳಗೆ ಎಲ್‌ಝೆಡ್‌ಎಕ್ಸ್ ಕಂಪ್ರೆಷನ್. ಅದನ್ನ ಬಿಚ್ಚಿದ್ರೂ ಎಚ್‌ಟಿಎಂಎಲ್ ಕಾಣ್ತದೆ ಅಂದ್ಕೋಬೇಡಿ, ಟ್ಯಾಗ್‌ಗಳ ಬದಲು ನಂಬರ್ ಇಟ್ಟಿರ್ತಾರೆ, ಯಾವ ನಂಬರಿಗೆ ಯಾವ ಟ್ಯಾಗ್ ಅನ್ನುವ ಪಟ್ಟಿ ಬೇಕು. ಹವ್ಯಾಸಿಗಳು ಆ ಪಟ್ಟಿಯನ್ನ ಯಾವತ್ತೋ ಕಂಡುಹಿಡಿದು ಆಗಿದೆ, ಕ್ಯಾಲಿಬರ್ ಸೋರ್ಸ್‌ನಲ್ಲಿ ಇದೆ. ಎಲ್‌ಝೆಡ್‌ಎಕ್ಸ್ ಸ್ವಂತ ಬರೆಯಲಿಕ್ಕೆ ಹೋಗ್ಬೇಡಿ, ಸುಮ್ಮನೆ ಜೀವ ಹೋಗ್ತದೆ.

ಎಲ್‌ಆರ್‌ಎಫ್ ಸೋನಿಯವರದ್ದು. ಕ್ಯಾಲಿಬರ್ ಹುಟ್ಟಿದ್ದೇ ಇದರಿಂದ ಅಂತ ತುಂಬ ಜನಕ್ಕೆ ಗೊತ್ತಿಲ್ಲ. 2006ರಲ್ಲಿ ಸೋನಿಯ ಪಿಆರ್‌ಎಸ್-500 ರೀಡರ್ ಬಂದಾಗ ಅದು ಲಿನಕ್ಸ್ ಜೊತೆ ಕೆಲಸ ಮಾಡ್ತಿರಲಿಲ್ಲ, ಕೋವಿದ್ ಗೋಯಲ್ ಅನ್ನುವವರು ಆ ಸಾಧನ ಯುಎಸ್‌ಬಿ ಮೇಲೆ ಏನು ಮಾತಾಡ್ತದೆ ಅಂತ ಕಂಡುಹಿಡಿದು ಒಂದು ಪ್ರೋಗ್ರಾಮ್ ಬರೆದ್ರು, ಆಮೇಲೆ ಮೊಬೈಲ್‌ರೀಡ್ ಅನ್ನುವ ಇ-ಬುಕ್ ಫೋರಂನ ಹವ್ಯಾಸಿಗಳ ಸಹಾಯ ತಗೊಂಡು ಎಲ್‌ಆರ್‌ಎಫ್ ಮಾಡುವ ಕನ್ವರ್ಟರ್. ಅದೇ 2008ರಲ್ಲಿ ಕ್ಯಾಲಿಬರ್ ಆಯ್ತು. ಸೋನಿ 2009ರಲ್ಲಿ ತಾನೇ ಈ ಫಾರ್ಮ್ಯಾಟ್ ಬಿಟ್ಟು ಇಪಬ್ ಕಡೆ ಹೋಯ್ತು, ಅದಕ್ಕೆ ಇವತ್ತು ಇದು ಯಾರಿಗೂ ಬೇಡದ ಫಾರ್ಮ್ಯಾಟು. ಕಲಿಯಲಿಕ್ಕೆ ಅದಕ್ಕಿಂತ ಒಳ್ಳೇದು ಇಲ್ಲ ಅಂತ ನನ್ನ ಅಭಿಪ್ರಾಯ. ಪುಟ, ಪಠ್ಯ, ಚಿತ್ರ ಎಲ್ಲ ಒಂದೊಂದು ಆಬ್ಜೆಕ್ಟ್, ಒಂದೊಂದಕ್ಕೂ ಐಡಿ, ಕಂಪ್ರೆಷನ್ ಬರೀ ಝೆಡ್‌ಲಿಬ್, ಪೈಥಾನ್‌ನಲ್ಲಿ ಒಂದು ಸಾಲು.

ಕೆಎಫ್‌ಎಕ್ಸ್ ಕೊನೆಗೆ ಇಟ್ಕೊಳ್ಳಿ. ಅದು ಕಿಂಡಲ್‌ನ ಹೊಸ ಫಾರ್ಮ್ಯಾಟು, 2015ರಲ್ಲಿ ಬಂದದ್ದು, ಪಾಮ್ ಡೇಟಾಬೇಸಿನ ಸುದ್ದಿಯೇ ಇಲ್ಲ ಅದರಲ್ಲಿ. ಒಳಗೆ ಅಯಾನ್ ಅನ್ನುವ ಬೈನರಿ, ಅಮೆಜಾನ್‌ನವರೇ 2016ರಲ್ಲಿ ಅದರ ಸ್ಪೆಸಿಫಿಕೇಷನ್ ಓಪನ್ ಮಾಡಿದ್ದಾರೆ. ಅಯಾನ್ ಡೇಟಾ ಶುರುವಾಗುವುದು 224, 1, 0, 234 ಅಂತ. ಕನ್ನಡ ಅಕ್ಷರದ ಹಾಗೆಯೇ 224, ಹಾಗಾಗಿ ಬರೀ 224 ಹುಡುಕಿಕೊಂಡು ಹೋಗ್ಬೇಡಿ, ನಾಲ್ಕೂ ನೋಡಿ. ಅಯಾನ್ ಓದಲಿಕ್ಕೆ ಲೈಬ್ರರಿ ಸಿಗ್ತದೆ, ಆದ್ರೆ ಫೀಲ್ಡ್‌ಗಳಿಗೆ ಹೆಸರು ಇರುವುದಿಲ್ಲ, ಬರೀ ನಂಬರು, ಹೆಸರಿನ ಪಟ್ಟಿ ಫೈಲಿನ ಹೊರಗೆ ಇರ್ತದೆ. ಯಾವ ನಂಬರು ಅಕ್ಷರದ ಗಾತ್ರ, ಯಾವುದು ಮಾರ್ಜಿನ್ ಅಂತ ಊಹೆ ಮಾಡ್ಕೊಂಡು ಹೋಗ್ಬೇಕು. ಅದಕ್ಕೆ ಒಂದೇ ದಾರಿ, ಒಂದೇ ಪ್ಯಾರಾ ಇರುವ ಪುಸ್ತಕ ನೀವೇ ಮಾಡಿ, ಕಿಂಡಲ್ ಪ್ರಿವ್ಯೂವರ್‌ಗೆ ಕೊಟ್ಟು ಫೈಲ್ ಮಾಡಿಸಿ, ಮಾರ್ಜಿನ್ ಮಾತ್ರ ಬದಲಾಯಿಸಿ ಇನ್ನೊಂದು ಮಾಡಿಸಿ, ಎರಡನ್ನೂ ಹೋಲಿಸಿ. ಒಂದ್ಸಲಕ್ಕೆ ಒಂದೇ ಬದಲಾವಣೆ, ಎರಡು ಮಾಡಿದ್ರೆ ಯಾವುದರಿಂದ ಏನಾಯ್ತು ಅಂತ ದೇವರಿಗೇ ಗೊತ್ತು.

ನಿರ್ವಾಹಕ

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಮುಂದೆ ಯಾರಾದ್ರೂ ಕೇಳೇ ಕೇಳ್ತಾರೆ. ಡಿಆರ್‌ಎಂ (ನಕಲು ತಡೆಯೋಕೆ ಪುಸ್ತಕಕ್ಕೆ ಹಾಕಿರೋ ಬೀಗ) ಮುರಿಯೋ ವಿಧಾನ, ಟೂಲ್, ಲಿಂಕ್ ಯಾವ್ದೂ ಇಲ್ಲಿ ಬೇಡ, ಎಷ್ಟೋ ದೇಶಗಳಲ್ಲಿ ದುಡ್ಡು ಕೊಟ್ಟು ತಗೊಂಡ ಪುಸ್ತಕದ್ದನ್ನ ಮುರಿದ್ರೂ ಅದು ಕಾನೂನಿಗೆ ವಿರುದ್ಧ. ಮೋಬಿಯಲ್ಲಿ ಸೊನ್ನೆನೇ ರೆಕಾರ್ಡಿನ 12ನೇ ಬೈಟಿಂದ ಎರಡು ಬೈಟು ನೋಡಿ, 0 ಇದ್ರೆ ಮುಂದುವರೀರಿ, 1 ಅಥವಾ 2 ಇದ್ರೆ ಆ ಫೈಲ್ ಮುಚ್ಚಿ ಬೇರೇದು ತಗೊಳ್ಳಿ. ಇಪಬ್‌ನಲ್ಲಿ ಎನ್‌ಕ್ರಿಪ್ಷನ್ ಅಂತ ಒಂದು ಎಕ್ಸ್‌ಎಂಎಲ್ ಫೈಲ್ ಕಂಡ ತಕ್ಷಣ ಡಿಆರ್‌ಎಂ ಅಂದ್ಕೊಳ್ಳೋದು ಬೇಡ, ಒಳಗಿನ ಫಾಂಟ್‌ನ ಯಾರೂ ಹಂಗೇ ಎತ್ಕೊಂಡು ಹೋಗದಿರಲಿ ಅಂತ ಅದರ ಮೊದಲ 1040 ಬೈಟು ಮಾತ್ರ ಕಲಸಿಟ್ಟಿರೋ ಪುಸ್ತಕಗಳಲ್ಲೂ ಆ ಫೈಲ್ ಇರುತ್ತೆ. ಫೈಲ್ ತೆಗೆದು ಅದರಲ್ಲಿ ಏನೇನು ಪಟ್ಟಿ ಮಾಡಿದಾರೆ ನೋಡಿ, ಬರೀ ಫಾಂಟ್‌ಗಳಿದ್ರೆ ಪಠ್ಯ ಆರಾಮಾಗಿ ಓದಬಹುದು.

ಓದುಗೂಬೆ

ನನ್ನ ಲಿಟ್‌ಗಳಲ್ಲಿ ಎಷ್ಟಕ್ಕೆ ಬೀಗ ಇದೆಯೋ ನೋಡ್ಬೇಕು, ಇದ್ರೆ ಅವನ್ನ ಅಲ್ಲೇ ಬಿಡ್ತೀನಿ. ಎಲ್‌ಆರ್‌ಎಫ್ ಶುರು ಮಾಡ್ದೆ. ಹೆಕ್ಸ್ ಎಡಿಟರಲ್ಲಿ ಮೊದಲಿಗೇ ಎಲ್, ಆರ್, ಎಫ್ ಅಂತ ಅಕ್ಷರ ಕಾಣುತ್ತೆ, ಆದ್ರೆ ಒಂದೊಂದರ ನಡುವೆ ಒಂದೊಂದು ಸೊನ್ನೆ, ಅದ್ಯಾಕೆ? ಆಮೇಲೆ ಮೋಬಿಗೆ ಬರೆದಿದ್ದ ಕೋಡ್‌ನೇ ಹಾಕಿ ಹೆಡರ್ ಓದ್ಸಿದ್ರೆ ಫೈಲಿನ ಸೈಜಿಗಿಂತ ನೂರಾರು ಪಟ್ಟು ದೊಡ್ಡ ಸಂಖ್ಯೆಗಳು ಬರ್ತಿವೆ.

ಹಳೇಫೈಲ್

ಅಕ್ಷರಗಳು ಯುಟಿಎಫ್-16ರಲ್ಲಿ ಇವೆ ಮಾರಾಯ್ರೆ, ಒಂದಕ್ಕೆ ಎರಡು ಬೈಟು, ಇಂಗ್ಲಿಷ್ ಅಕ್ಷರವಾದ್ರೆ ಎರಡನೇದು ಸೊನ್ನೆ. ಸಂಖ್ಯೆಗಳ ಕಥೆ ಅಂದ್ರೆ ಮೋಬಿ ಬಿಗ್ ಎಂಡಿಯನ್ (ದೊಡ್ಡ ಬೆಲೆಯ ಬೈಟು ಮೊದಲು), ಎಲ್‌ಆರ್‌ಎಫ್ ಲಿಟಲ್ ಎಂಡಿಯನ್ (ಚಿಕ್ಕ ಬೆಲೆಯದ್ದು ಮೊದಲು), ನೀವು ಬೈಟುಗಳನ್ನ ತಿರುಗಾಮುರುಗಾ ಓದ್ತಾ ಇದ್ದೀರಿ. ನಿಮ್ಮ ಅನ್‌ಪ್ಯಾಕ್ ಸಾಲಿನಲ್ಲಿ ‘ದೊಡ್ಡದು’ ಚಿಹ್ನೆ (>) ಇರುವಲ್ಲೆಲ್ಲ ‘ಚಿಕ್ಕದು’ ಚಿಹ್ನೆ (<) ಹಾಕಿ ನೋಡಿ. ಸಂಖ್ಯೆ ದೊಡ್ಡದಾಗಿ ಬಂದ್ರೆ ತಪ್ಪು ಅಂತ ಕೂಡಲೇ ಗೊತ್ತಾಗ್ತದೆ, ಕೆಲವೊಮ್ಮೆ ಚಿಕ್ಕದಾಗಿ ಬರ್ತದೆ, 4096 ಇರಬೇಕಾದ ಜಾಗದಲ್ಲಿ 16 ಬಂದು ಕೂತ್ರೆ ಅನುಮಾನವೇ ಬರುವುದಿಲ್ಲ. ಆಬ್ಜೆಕ್ಟ್ ಪಟ್ಟಿ ಸಿಕ್ಕಿದ ಮೇಲೆ ಟ್ಯಾಗ್‌ಗಳನ್ನ ನೋಡಿ, ಎರಡೆರಡು ಬೈಟು, ಎರಡನೇ ಬೈಟು ಯಾವಾಗಲೂ 245. ಅದು ಕಾಣದ ಕಡೆ ನೀವು ದಾರಿ ತಪ್ಪಿದ್ದೀರಿ ಅಂತಲೇ ಲೆಕ್ಕ, ಅಲ್ಲಿಂದ ಹಿಂದಕ್ಕೆ ಬನ್ನಿ.